ತಗ್ಗು ನೆಲದ ಬಸ್ಸೋ, ಲಿಫ್ಟ್ ಇರುವ ಎತ್ತರದ ಬಸ್ಸೋ?

ಗಾಲಿಕುರ್ಚಿ ಬಳಸುವವರೂ ಹತ್ತಬಲ್ಲ ನಗರ ಬಸ್ಸು ಕೊಳ್ಳುವಾಗ ಆಯ್ಕೆ ಬಹುಮಟ್ಟಿಗೆ ಎರಡೇ: ರಸ್ತೆಯಿಂದ ಸುಮಾರು 400 ಮಿ.ಮೀ. ಎತ್ತರದ ತಗ್ಗು ನೆಲದ ಬಸ್ಸು, ಇಲ್ಲವೇ ಸುಮಾರು 900 ಮಿ.ಮೀ. ಎತ್ತರದ, ಹೈಡ್ರಾಲಿಕ್ ಲಿಫ್ಟ್ ಅಳವಡಿಸಿದ ಬಸ್ಸು. ದೆಹಲಿ 2019ರಲ್ಲಿ ಎರಡನೆಯ ಬಗೆಯನ್ನೂ ರಸ್ತೆಗಿಳಿಸಿತು. ಮೊದಲನೆಯದರಲ್ಲಿ ಬಾಗಿಲ ಬಳಿ ಮಡಚಿಟ್ಟ ಹಲಗೆಯನ್ನು ನಿರ್ವಾಹಕರು ಹೊರಕ್ಕೆ ಬಿಡಿಸಿದರೆ ಕುರ್ಚಿ ಒಳಸೇರುತ್ತದೆ. ಊರುಗೋಲಿನವರು, ಮಂಡಿನೋವಿನ ವೃದ್ಧರು, ಬಸುರಿಯರು ಯಾರ ನೆರವನ್ನೂ ಕೇಳದೆ ಹತ್ತುತ್ತಾರೆ. ಲಿಫ್ಟ್ ಬಸ್ಸು ಕೊಳ್ಳಲು ಅಗ್ಗ, ಗುಂಡಿಬಿದ್ದ ರಸ್ತೆಗೂ ನೀರು ನಿಂತ ರಸ್ತೆಗೂ ಒಗ್ಗುತ್ತದೆ. ಆದರೆ ಯಂತ್ರ ಇಳಿದು ಏರುವವರೆಗೆ ಇಡೀ ಬಸ್ಸು ಕಾಯಬೇಕು, ಅದು ಕೆಟ್ಟ ದಿನ ಕುರ್ಚಿಯವರಿಗೆ ಬಸ್ಸೇ ಇಲ್ಲ. ಹಲಗೆ ಕೆಡುವುದು ಕಡಿಮೆ (ತುಕ್ಕು ಹಿಡಿಯುವುದುಂಟು). ಊರೊಳಗಿನ ಮಾರ್ಗಗಳಿಗೆ ನನ್ನ ಒಲವು ತಗ್ಗು ನೆಲದ್ದಕ್ಕೇ. ಆದರೆ ಬಸ್ಸು ನಿಲ್ದಾಣದ ಕಟ್ಟೆಗೆ ಒತ್ತಿ ನಿಲ್ಲದಿದ್ದರೆ ಹಲಗೆಯ ಇಳಿಜಾರು ಕಡಿದಾಗಿ, ಹಿಂದಿನಿಂದ ನೂಕುವವರಿಲ್ಲದೆ ಏರಲಾಗದು.