ದೊಡ್ಡ ಜಮಖಾನ: ಯಂತ್ರದಲ್ಲಿ ತೊಳೆಯಬೇಕೋ, ಮಾಳಿಗೆಯ ಮೇಲೋ?

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಎರಿಮಣ್ಣಿನ ಧೂಳು ಹಾಸಿನ ನೇಯ್ಗೆಯೊಳಗೆ ಇಳಿದು ಕೂರುವುದರಿಂದ, ತೊಳೆಯುವ ವಿಧಾನ ಯಾವುದೇ ಇರಲಿ, ಹಾಸು ಒಣಗಿರುವಾಗಲೇ ಅದನ್ನು ಕಟ್ಟೆಗೆ ಹಾಕಿ ಎರಡೂ ಬದಿ ಬಡಿಯಬೇಕು; ಇಲ್ಲವಾದರೆ ನೀರು ಬಿದ್ದೊಡನೆ ಧೂಳು ಕೆಸರಾಗುತ್ತದೆ.

ಯಂತ್ರ ಶ್ರಮವನ್ನು ಉಳಿಸುತ್ತದೆ, ಚೆನ್ನಾಗಿ ಹಿಂಡುತ್ತದೆ. ಆದರೆ 7 ಕಿಲೋ ಸಾಮರ್ಥ್ಯವೆಂದರೆ ಒಣ ಬಟ್ಟೆಯ ತೂಕ. ದಪ್ಪ ಜಮಖಾನಕ್ಕೆ ಡ್ರಮ್ಮಿನಲ್ಲಿ ಉರುಳಾಡಲು ಜಾಗವಿಲ್ಲದಿದ್ದರೆ ಕೊಳೆ ಬಿಡುವುದಿಲ್ಲ. ನೀರುಂಡ ಭಾರ ಒಂದೇ ಕಡೆ ಸರಿದು, ಹಿಂಡುವಾಗ ಯಂತ್ರವೇ ಅದುರುತ್ತದೆ. ಯಂತ್ರದಲ್ಲಿ ತೊಳೆಯಬಹುದೆಂಬ ಚೀಟಿ ಇರುವ ತೆಳು ಹಾಸಿಗಷ್ಟೇ ನಾನು ಇದನ್ನು ಒಪ್ಪುತ್ತೇನೆ. ರಬ್ಬರ್ ತಳವಿದ್ದರೆ ಬಿಸಿನೀರು ಬೇಡ.

ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ, ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಕೈಯಿಂದ ನೇಯುವ ನವಲಗುಂದದ ಹತ್ತಿ ಜಮಖಾನಕ್ಕಂತೂ ಮಾಳಿಗೆಯೇ ಸರಿ. ಅಷ್ಟು ದುಡಿಮೆಯ ವಸ್ತುವನ್ನು ಯಂತ್ರಕ್ಕೆ ತುರುಕಲು ನನಗೆ ಮನಸ್ಸಾಗದು. ಮೊದಲು ಒದ್ದೆ ಬಿಳಿಬಟ್ಟೆಯನ್ನು ಮೂಲೆಯಲ್ಲಿ ಒತ್ತಿ ನೋಡಿ. ಬಣ್ಣ ಅಂಟಿದರೆ ಮನೆಯಲ್ಲಿ ನೆನೆಸಲೇಬೇಡಿ. ಅಂಟದಿದ್ದರೆ ನೀರು ಹರಿದುಹೋಗುವ ಇಳಿಜಾರಿನಲ್ಲಿ ಹರಡಿ, ತಣ್ಣೀರು ಮತ್ತು ಸೌಮ್ಯ ಸಾಬೂನಿನಿಂದ, ಮೆತ್ತನೆಯ ಬ್ರಷ್ಷನ್ನು ನೇಯ್ಗೆಯ ಗುಂಟ ಮಾತ್ರ ಆಡಿಸಿ, ನೀರು ತಿಳಿಯಾಗುವವರೆಗೆ ಜಾಲಿಸಿ. ಹಿಂಡದೆ ಸುರುಳಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ಬಳಿಕ ನೆರಳಿನಲ್ಲಿ ಒಣಗಿಸಬೇಕು.

ಈ ವಿಧಾನಕ್ಕೆ ನೀರು ಹೆಚ್ಚು ಬೇಕು. ನಲ್ಲಿಯಲ್ಲಿ ದಿನಗಳ ಅಂತರದಲ್ಲಿ ನೀರು ಬರುವ ಬಡಾವಣೆಯವರು ನೀರಿನ ದಿನದ ಬೆಳಿಗ್ಗೆಯನ್ನೇ ಆರಿಸಿಕೊಳ್ಳಬೇಕು. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಎರಡೂ ಬೇಡ. ಒಳಗೆ ಹಸಿ ಉಳಿದ ಹತ್ತಿಗೆ ಬೂಷ್ಟು ಹಿಡಿಯುತ್ತದೆ.