ಪೈಲಟ್ ಮೆಡಿಕಲ್‌ಗೆ ಹೋಗುವ ಮುಂಚೆ ನಿಮ್ಮ ಹಳೇ ಡಾಕ್ಟರ ಚೀಟಿಗಳನ್ನು ಓದಿ ನೋಡಿ

ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿಯಬೇಕು ಅಂದುಕೊಂಡಿರುವ ನಮ್ಮ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಖಿನ್ನತೆಗೋ ಆತಂಕಕ್ಕೋ ನೀವು ಎಂದಾದರೂ ಮಾತ್ರೆ ತೆಗೆದುಕೊಂಡಿದ್ದರೆ, ಫ್ಲೈಯಿಂಗ್ ಸ್ಕೂಲಿಗೆ ದುಡ್ಡು ಕಟ್ಟುವ ಮುಂಚೆ ದಯವಿಟ್ಟು ಪೂರ್ತಿ ಓದಿ. ನನ್ನ ತಮ್ಮ ಫಾರ್ಮಿನಲ್ಲಿ ನಿಜವನ್ನೇ ಬರೆದ. ಅದು ಸರಿಯಾದ ಕೆಲಸ. ಆದರೆ ಕೈಯಲ್ಲಿ ಯಾವ ದಾಖಲೆಯೂ ಇಲ್ಲದಾಗ ಅವನನ್ನು ಪರೀಕ್ಷೆಗೆ ಕಳಿಸಿದರು. ಅದರ ಫಲವನ್ನು ಇನ್ನೂ ಅನುಭವಿಸುತ್ತಿದ್ದಾನೆ.

ಅವನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವಾಗ ಅಪ್ಪ ತೀರಿಕೊಂಡರು. ಊಟ, ನಿದ್ದೆ, ಕಾಲೇಜು ಎಲ್ಲ ಬಿಟ್ಟು ಕೂತುಬಿಟ್ಟ. ಮನೋವೈದ್ಯರಿಗೆ ತೋರಿಸಿದೆವು. ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಮಾತ್ರೆ ಬರೆದುಕೊಟ್ಟರು. ಒಂದು ವರ್ಷದೊಳಗೆ ಹುಷಾರಾದ, ಮಾತ್ರೆಯನ್ನೂ ನಿಲ್ಲಿಸಿದರು. ಮುಂದೆ ಎಂಎಸ್ ಮಾಡಲು ಅರಿಜೋನಾಗೆ ಹೋದ, ಅಲ್ಲೇ ಕೆಲಸ ಸಿಕ್ಕಿತು. ಉಳಿಸಿದ ದುಡ್ಡಿನಲ್ಲಿ ಹಾರಾಟ ಕಲಿಯಲು ಸೇರಿದ. ಪ್ಯಾಕೇಜ್ ಅಂತ ಸ್ಕೂಲಿನವರು ದೊಡ್ಡ ಮೊತ್ತ ಮೊದಲೇ ಕಟ್ಟಿಸಿಕೊಂಡರು.

ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ. ಮೆಡಿಕಲ್‌ಗೆ, ಅಂದರೆ ಹಾರಲು ಬೇಕಾದ ಆರೋಗ್ಯ ಸರ್ಟಿಫಿಕೇಟ್‌ಗೆ, ಮೆಡ್‌ಎಕ್ಸ್‌ಪ್ರೆಸ್ ಅನ್ನುವ ಆನ್‌ಲೈನ್ ಫಾರ್ಮ್ ತುಂಬಬೇಕು. 18ನೇ ಪ್ರಶ್ನೆ ಕೇಳುವುದು ನಿಮ್ಮ ಇಡೀ ಜೀವನದ ಬಗ್ಗೆ. ಖಿನ್ನತೆ, ಆತಂಕ, ಯಾವುದೇ ಮಾನಸಿಕ ತೊಂದರೆ ಯಾವಾಗ ಬಂದಿದ್ದರೂ ಹೌದು ಅನ್ನಬೇಕು. ಸ್ಕೂಲಿನ ಒಬ್ಬರು, "ಇಲ್ಲ ಅಂತ ಟಿಕ್ ಮಾಡು, ಇಂಡಿಯಾದ ದಾಖಲೆ ಯಾರು ನೋಡ್ತಾರೆ" ಅಂದರಂತೆ. ಈ ಮಾತನ್ನು ಯಾರು ಹೇಳಿದರೂ ಕೇಳಬೇಡಿ. ಸುಳ್ಳು ಬರೆದರೆ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು ಆಗಬಹುದು. ವೀಸಾ ಮೇಲೆ ಇರುವವರಿಗೆ ಇದು ಆಟವಲ್ಲ.

ತಮ್ಮ ಹೌದು ಅಂತಲೇ ಬರೆದ. ಎಫ್‌ಎಎ ಮಾನ್ಯತೆಯ ವೈದ್ಯರನ್ನು ಎಎಂಇ ಅನ್ನುತ್ತಾರೆ. ಸ್ಕೂಲಿನವರು ಹೇಳಿದ ಎಎಂಇಗೆ ಫೋನ್ ಮಾಡಿ ಎಲ್ಲ ವಿವರಿಸಿದ. "ಹಳೇದಲ್ವಾ, ಬನ್ನಿ, ಏನೂ ಆಗಲ್ಲ" ಅಂದರು. ಹೋದಾಗ ಅದೇ ವೈದ್ಯರು, ನಾನು ತೀರ್ಮಾನ ಮಾಡಲಾರೆ ಅಂತ ಫೈಲನ್ನು ಒಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಗೆ ತಳ್ಳಿದರು. ಇದಕ್ಕೆ ಡಿಫರ್ ಮಾಡುವುದು ಅನ್ನುತ್ತಾರೆ. ಎಎಂಇ ನಿಮ್ಮ ಫಾರ್ಮನ್ನು ಒಮ್ಮೆ ತೆರೆದರೆ ಮುಗಿಯಿತು, ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಅದನ್ನು ಅವನಿಗೆ ಯಾರೂ ಮೊದಲೇ ಹೇಳಲಿಲ್ಲ.

ಆಮೇಲೆ ಪತ್ರ ಬಂತು. ಚಿಕಿತ್ಸೆಯ ಎಲ್ಲ ದಾಖಲೆಗಳನ್ನು 60 ದಿನದೊಳಗೆ ಕಳಿಸಿ ಅಂತ. "ಅಕ್ಕಾ, ಆ ಕ್ಲಿನಿಕ್‌ಗೆ ಹೋಗಿ ನೋಡ್ತೀಯಾ" ಅಂತ ಫೋನ್ ಮಾಡಿದ. ನಮ್ಮ ಊರುಗಳಲ್ಲಿ ಫೈಲ್ ಎಲ್ಲಿರುತ್ತೆ ಹೇಳಿ? ಚೀಟಿ ನಮ್ಮ ಕೈಗೆ ಕೊಡುತ್ತಾರೆ, ಕ್ಲಿನಿಕ್‌ನಲ್ಲಿ ಏನೂ ಉಳಿಯುವುದಿಲ್ಲ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಆಸ್ಪತ್ರೆಗೆ ಅಡ್ಮಿಟ್ ಆದವರ ದಾಖಲೆಯನ್ನೇ ವೈದ್ಯರು ಇಟ್ಟುಕೊಳ್ಳಬೇಕಾದದ್ದು 3 ವರ್ಷ ಮಾತ್ರ. ನಮ್ಮದು ಅದಕ್ಕಿಂತ ಎಷ್ಟೋ ಹಳೆಯದು. ಅಮ್ಮನ ಬೀರುವಿನಲ್ಲಿ ಒಂದಷ್ಟು ಚೀಟಿ ಸಿಕ್ಕಿದವು. ಅದರಲ್ಲಿ ಮೊದಲ ದಿನದ ಚೀಟಿ ನೋಡಿ ನನ್ನ ಎದೆ ಧಸಕ್ ಅಂತು. ರೋಗದ ಹೆಸರಿನ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಪಕ್ಕದಲ್ಲಿ ಬಿಪಿಎಡಿ. ಅಂದರೆ ಬೈಪೋಲಾರ್, ಅತಿ ಉತ್ಸಾಹ ಮತ್ತು ಖಿನ್ನತೆ ಎರಡೂ ಬರುವ ಕಾಯಿಲೆ. "ಇದೂ ಇರಬಹುದಾ, ನೋಡಬೇಕು" ಅಂತ ವೈದ್ಯರು ತಮಗೋಸ್ಕರ ಹಾಕಿಕೊಂಡ ಗುರುತು ಅಷ್ಟೇ. ಮುಂದಿನ ಯಾವ ಚೀಟಿಯಲ್ಲೂ ಅದು ಇಲ್ಲ. ಆದರೆ ಎಫ್‌ಎಎ ನಿಯಮದಲ್ಲಿ ಬೈಪೋಲಾರ್ ಹೆಸರಿಸಿಯೇ ಅನರ್ಹತೆ ಪಟ್ಟಿಯಲ್ಲಿದೆ. ಆ ಒಂದು ಗುರುತಿಗಾಗಿ ಈಗ ಪೂರ್ತಿ ಮನೋವೈದ್ಯಕೀಯ ಮೌಲ್ಯಮಾಪನ, ಅದರ ಜೊತೆಗೆ ನೆನಪು, ಗಮನ, ಯೋಚನಾಶಕ್ತಿ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ಕೇಳಿದ್ದಾರೆ. ಖರ್ಚು ಸಾವಿರಾರು ಡಾಲರ್, ಇನ್ಶೂರೆನ್ಸ್ ಕೊಡುವುದಿಲ್ಲ. ಮೆಡಿಕಲ್ ಇಲ್ಲದೆ ಒಬ್ಬನೇ ಹಾರುವಂತಿಲ್ಲ, ಕಟ್ಟಿದ ದುಡ್ಡನ್ನು ಸ್ಕೂಲಿನವರು ವಾಪಸ್ ಕೊಡುತ್ತಿಲ್ಲ.

ಹಾಗಾಗಿ ಮೊದಲು ಚೀಟಿಗಳನ್ನು ಹುಡುಕಿ, ಒಂದೊಂದು ಅಕ್ಷರ ಓದಿ. ನಿಮಗೆ ಚಿಕಿತ್ಸೆ ಕೊಟ್ಟ ವೈದ್ಯರು ಈಗಲೂ ಸಿಗುವಂತಿದ್ದರೆ ಕಾಯಿಲೆ ಏನು, ಯಾವ ಮಾತ್ರೆ, ಎಂದು ಶುರು, ಎಂದು ನಿಂತಿತು ಅಂತ ಸಹಿ ಮಾಡಿದ ಪತ್ರ ತೆಗೆದುಕೊಳ್ಳಿ. ಅನುಮಾನದ ಗುರುತು ಇದ್ದರೆ, ಅದು ಆಮೇಲೆ ತಳ್ಳಿಹಾಕಿದ್ದು ಅಂತಲೂ ಬರೆಸಿ. ಈಗ ಚಿಕಿತ್ಸೆಯಲ್ಲಿರುವವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ತಮ್ಮ ದಾಖಲೆ ಕೇಳುವ ಹಕ್ಕು ಕೊಟ್ಟಿದೆ, ಈಗಲೇ ಕೇಳಿ ಇಟ್ಟುಕೊಳ್ಳಿ. ಆಮೇಲೆ ಹಿಮ್ಸ್ ಅನ್ನುವ, ಮಾನಸಿಕ ಆರೋಗ್ಯ ಮತ್ತು ವ್ಯಸನದ ಪ್ರಕರಣಗಳ ವಿಶೇಷ ತರಬೇತಿ ಪಡೆದ ಎಎಂಇ ಹುಡುಕಿ, ಬರೀ ಸಲಹೆಗೆ ಅಂತ ಸಮಯ ಕೇಳಿ. ಮೆಡ್‌ಎಕ್ಸ್‌ಪ್ರೆಸ್‌ನ ಕನ್ಫರ್ಮೇಶನ್ ನಂಬರ್ ಆಗಲೇ ಕೊಡಬೇಡಿ, ಅದು ಸಿಕ್ಕರೆ ಅವರು ನಿಮ್ಮ ಫಾರ್ಮ್ ತೆರೆಯಬಹುದು.

ಇಷ್ಟು ಓದಿ ಡಾಕ್ಟರ ಹತ್ತಿರ ಹೋಗುವುದನ್ನೋ ಮಾತ್ರೆಯನ್ನೋ ಬಿಟ್ಟುಬಿಡಬೇಡಿ, ಕೈಮುಗಿದು ಕೇಳುತ್ತೇನೆ. ಬಾಗಿಲು ಮುಚ್ಚಿಲ್ಲ. 2010ರಿಂದಲೇ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಕೆಲವು ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೂ ವಿಶೇಷ ಅನುಮತಿಯ ದಾರಿ ಇದೆ. ಹಿಂದೆ ಬಂದು ವಾಸಿಯಾದ ಆತಂಕ, ಖಿನ್ನತೆಯ ಕೆಲವು ಸರಳ ಪ್ರಕರಣಗಳಲ್ಲಿ ಎಎಂಇ ತಾವೇ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ 2024ರಲ್ಲಿ ಬಂದಿದೆ. ಅದಕ್ಕೆ ಬೇಕಾಗಿರುವುದು ಕಾಗದ.

ಈಗಾಗಲೇ ಫೈಲ್ ಒಕ್ಲಹೋಮಕ್ಕೆ ಹೋಗಿದ್ದರೆ ಆ 60 ದಿನವನ್ನು ಸುಮ್ನೆ ಕಳೆಯಬೇಡಿ. ದಾಖಲೆ ಸಿಗದಿದ್ದರೆ, ಯಾಕೆ ಸಿಗುತ್ತಿಲ್ಲ ಅಂತ ಬರೆದು ಹೆಚ್ಚು ಸಮಯ ಕೇಳಿ. ಉತ್ತರವೇ ಹೋಗದಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ಹಾಗಾದರೆ ಮುಂದೆ ತುಂಬುವ ಪ್ರತಿ ಫಾರ್ಮಿನಲ್ಲೂ ಅದನ್ನು ಹೇಳಬೇಕಾಗುತ್ತದೆ, ಬರೀ ಡ್ರೈವಿಂಗ್ ಲೈಸೆನ್ಸ್ ಮೇಲೆ ಸಣ್ಣ ವಿಮಾನ ಹಾರಿಸುವ ಸ್ಪೋರ್ಟ್ ಪೈಲಟ್ ದಾರಿಯೂ ಮುಚ್ಚಿಹೋಗುತ್ತದೆ.