ಸೈನ್ಸ್ ಅಕಾಡೆಮಿಗಳ ಸಮ್ಮರ್ ರಿಸರ್ಚ್ ಫೆಲೋಶಿಪ್: ಕೊಪ್ಪಳದಿಂದ ಹೋಗಿ ಬಂದವನ ರಿವ್ಯೂ, 5ಕ್ಕ 4.5

ನಾ ಕೊಪ್ಪಳದಾಗ ಬಿಎಸ್ಸಿ ಓದಾಕತ್ತೀನಿ, ಊರು ಕುಷ್ಟಗಿ ತಾಲೂಕಿಂದು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದಿಲ್ಲಿಯ ಇನ್ಸಾ (ಇಂಡಿಯನ್ ನ್ಯಾಶನಲ್ ಸೈನ್ಸ್ ಅಕಾಡೆಮಿ), ಪ್ರಯಾಗರಾಜದ ನಾಸಿ (ನ್ಯಾಶನಲ್ ಅಕಾಡೆಮಿ ಆಫ್ ಸೈನ್ಸಸ್), ಈ ಮೂರೂ ಸೇರಿ ಬ್ಯಾಸಿಗ್ಯಾಗ ಎರಡು ತಿಂಗಳ ರಿಸರ್ಚ್ ಫೆಲೋಶಿಪ್ ಕೊಡ್ತಾವ, ಅದನ್ನ ಮುಗಿಸ್ಕೊಂಡು ಬಂದೀನಿ. ನಮ್ಮ ಕಡೆ ಭಾಳ ಮಂದಿಗೆ ಇದು ಇರೋದೇ ಗೊತ್ತಿಲ್ಲ, ಗೊತ್ತಿದ್ದವ್ರೂ ಅದೆಲ್ಲ ದೊಡ್ಡ ಸಿಟಿ ಕಾಲೇಜಿನವ್ರಿಗೆ ಅಂತ ಬಿಟ್ಬಿಡ್ತಾರ, ಅದಕ್ಕ ಬರ್ಯಾಕತ್ತೀನಿ.

ಮೊದ್ಲು ಅಪ್ಲಿಕೇಶನ್ ಬಗ್ಗೆ. ಬ್ಯಾಸಿಗಿಗೆ ಹೋಗ್ಬೇಕಂದ್ರ ಹಿಂದಿನ ದಸರಾ ದೀಪಾವಳಿ ಟೈಮಿನಾಗನ ವೆಬ್‌ಸೈಟ್ ನೋಡ್ತಿರ್ಬೇಕು, ಎಪ್ರಿಲ್‌ನಾಗ ಹುಡುಕಿದ್ರ ಏನೂ ಸಿಗಂಗಿಲ್ಲ. ಮಾರ್ಕ್ಸ್ ಕಾರ್ಡ್, ಒಬ್ಬ ಲೆಕ್ಚರರ್ ಕಡಿಂದ ರೆಕಮೆಂಡೇಶನ್, ಆಮ್ಯಾಲೆ ನೀವು ಏನು ಮಾಡ್ಬೇಕಂತೀರಿ ಅನ್ನೋ ಒಂದು ಸಣ್ಣ ಬರಹ. ರೆಕಮೆಂಡೇಶನ್‌ಗೆ ನಂಗ ಭಾಳ ತ್ರಾಸಾತು, ನಾ ಮೊದ್ಲು ಕೇಳಿದ ಸರ್ "ಇದೆಲ್ಲ ನಿನಗ್ಯಾಕಪಾ, ಬಿಎಡ್ ಮಾಡು" ಅಂತ ಹದಿನೈದು ದಿನ ತಿರುಗಾಡಿಸಿದ್ರು, ಕಡೀಗೆ ಇನ್ನೊಬ್ರು ಮೇಡಂ ಒಂದ ಸಂಜಿಯೊಳಗ ಬರದು ಹಾಕಿದ್ರು. ಅವ್ರಿಗೆ ಇವತ್ತಿಗೂ ನಾ ಋಣಿ. ಅದಕ್ಕ ಕೊನೆ ದಿನದ ತನಕ ಕಾಯಬ್ಯಾಡ್ರಿ, ತಿಂಗ್ಳ ಮುಂಚೇನ ಇಬ್ಬರನ್ನ ಕೇಳಿಡ್ರಿ.

ಬರಹದಾಗ ನಾ "ನ್ಯಾನೊ ಟೆಕ್ನಾಲಜಿ ಮ್ಯಾಲೆ ಆಸಕ್ತಿ ಐತಿ" ಅಂತ ಬರ್ದಿದ್ನಿ, ಮೇಡಂ ಅದನ್ನ ಹೊಡದು ಹಾಕಿ ನಿಮ್ಮೂರಿನ ನೀರಿನ ಬಗ್ಗೆ ಬರಿ ಅಂದ್ರು. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಾಗ ಫ್ಲೋರೈಡ್ ಇರೋದು ನಮಗ ಯಾರೂ ಹೇಳಬೇಕಿಲ್ಲ, ನನ್ನ ಅಣ್ಣನ ಹಲ್ಲ ಮ್ಯಾಲೆ ಕಂದು ಪಟ್ಟಿ ನೋಡ್ಕೋತನ ಬೆಳದೀನಿ. ಗ್ರಾನೈಟ್ ಬಂಡಿಯೊಳಗಿನ ಫ್ಲೋರೈಡ್ ಖನಿಜ ನಿಧಾನಕ್ಕ ನೀರಾಗ ಇಳೀತಾವ. ಕುಡಿಯೋ ನೀರಿಗೆ ಲೀಟರ್‌ಗೆ 1 ಮಿಲಿಗ್ರಾಂ ಮಿತಿ, ಬ್ಯಾರೆ ನೀರು ಇಲ್ಲದಿದ್ರ 1.5 ತನಕ. ನಂಗ ಸೀಟ್ ಸಿಕ್ಕಿದ್ದು ಆ ಬರಹದಿಂದನ ಅಂತ ನನ್ನ ನಂಬಿಕಿ.

ನಂಗ ಸಿಕ್ಕ ಲ್ಯಾಬ್ ಬೆಂಗಳೂರಿನಾಗ, ಕೊಪ್ಪಳದಾಗ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರ ಮುಂಜಾನಿ ಬೆಂಗಳೂರು. ಸ್ಟೈಪೆಂಡ್ ಕೊಡ್ತಾರ, ಮನಿಗೆ ಭಾರ ಆಗ್ಲಿಲ್ಲ, ಈ ಮಾತು ಮನ್ಯಾಗ ಅಪ್ಪ ಅವ್ವಗ ಮೊದ್ಲ ಹೇಳ್ರಿ.

ಲ್ಯಾಬ್‌ನಾಗ ನನ್ನ ಕೆಲಸ ಆಕ್ಟಿವೇಟೆಡ್ ಅಲ್ಯುಮಿನಾ (ಫ್ಲೋರೈಡ್ ಹೀರೋ ಅಲ್ಯುಮಿನಿಯಂ ಆಕ್ಸೈಡ್) ಹಾಕಿ ನೀರಾಗಿನ ಫ್ಲೋರೈಡ್ ಎಷ್ಟು ಹೀರ್ತೈತಿ ನೋಡೋದು. 0.221 ಗ್ರಾಂ ಸೋಡಿಯಂ ಫ್ಲೋರೈಡ್ ಒಂದು ಲೀಟರ್ ನೀರಾಗ ಕರಗಿಸಿದ್ರ ಲೀಟರ್‌ಗೆ 100 ಮಿಲಿಗ್ರಾಂ ಫ್ಲೋರೈಡ್ ಇರೋ ಸ್ಟಾಕ್ ದ್ರಾವಣ, ಪ್ಲಾಸ್ಟಿಕ್ ಬಾಟ್ಲಿಯೊಳಗ ಇಡ್ಬೇಕು, ಗಾಜಿನದಾಗ ಅಲ್ಲ. ಅಳ್ಯಾಕ ಫ್ಲೋರೈಡ್ ಎಲೆಕ್ಟ್ರೋಡ್, ಅದರ ತುದಿಗೆ ಲ್ಯಾಂಥನಮ್ ಫ್ಲೋರೈಡ್ ಹರಳು ಇರ್ತೈತಿ. ಫ್ಲೋರೈಡ್ ಹತ್ತು ಪಟ್ಟು ಹೆಚ್ಚಾದ್ರ ರೀಡಿಂಗ್ ಸುಮಾರು 59 ಮಿಲಿವೋಲ್ಟ್ ಇಳೀಬೇಕು, ಗ್ರಾಫಿನಾಗ ಆ ಗೆರಿ ಸರಿ ಬರೂತನ ಮುಂದಿನ ಕೆಲಸಕ್ಕ ಬಿಡಂಗಿಲ್ಲ, ನಂಗ ಬರಾಕ ಆರು ದಿನ ಹಿಡೀತು.

ಮೂರನೇ ವಾರ ಪಿಎಚ್ 4ರಾಗ, ಅಂದ್ರ ಆಸಿಡ್ ಇರೋ ನೀರಾಗ, ಮಾಡಿದ್ದಕ್ಕ ಫ್ಲೋರೈಡ್ ಹೆಚ್ಚುಕಡಿಮಿ ಪೂರಾ ಹೋಗೇತಿ ಅಂತ ಬಂತು. ಅವತ್ತು ರಾತ್ರಿ ನಿದ್ದಿ ಬರ್ಲಿಲ್ಲ ಅಷ್ಟು ಖುಷಿ. ಮರುದಿನ ನಮ್ಮ ಗೈಡ್ ಒಂದೇ ಪ್ರಶ್ನಿ ಕೇಳಿದ್ರು, ಆ ನೀರಿಗೆ ಗೊತ್ತಿದ್ದಷ್ಟು ಫ್ಲೋರೈಡ್ ಹಾಕಿ ಅಳದಿ ಏನು ಅಂತ. ಹಾಕಿ ಅಳದ್ರ ಹಾಕಿದಷ್ಟು ಕಾಣಿಸ್ಲಿಲ್ಲ. ಆಗಿದ್ದು ಏನಂದ್ರ ಆ ಆಸಿಡ್‌ನಾಗ ಅಲ್ಯುಮಿನಾ ಸ್ವಲ್ಪ ಕರಗಿ ಅಲ್ಯುಮಿನಿಯಂ ಅಯಾನು ಫ್ಲೋರೈಡನ್ನ ಹಿಡ್ಕೊಂಡು ಕುಂತಿತ್ತು, ಎಲೆಕ್ಟ್ರೋಡ್‌ಗೆ ಬಿಡಿಯಾಗಿರೋ ಫ್ಲೋರೈಡ್ ಮಾತ್ರ ಕಾಣ್ತೈತಿ, ಅಂದ್ರ ವಿಷ ನೀರಾಗ ಹಂಗ ಇತ್ತು ನಾ ಹೋಗೇತಿ ಅಂತ ಬರ್ಕೊಂಡಿದ್ನಿ. ಅಳಿಯೋ ಮುಂಚೆ ನೀರಿಗೆ ಬೆರಸಾಕ ನಾ ಮಾಡ್ಕೊಂಡಿದ್ದ ಬಫರ್ ದ್ರಾವಣದಾಗ ಸಿಡಿಟಿಎ ಅನ್ನೋ ರಾಸಾಯನಿಕ ಹಾಕಿರ್ಲಿಲ್ಲ, ಅಲ್ಯುಮಿನಿಯಂನ ಕಟ್ಟಿಹಾಕಿ ಫ್ಲೋರೈಡ್ ಬಿಡಿಸೋದು ಅದ. ಹಾಕಿ ಎಲ್ಲಾ ಮೊದಲಿಂದ ಅಳದ್ನಿ, ನಂಬರ್ ಕಮ್ಮಿ ಆದ್ವು, ಆದ್ರ ಖರೇ ನಂಬರ್. ಕಾಲೇಜಿನ ಪ್ರಾಕ್ಟಿಕಲ್‌ನಾಗ ಉತ್ತರ ಮೊದ್ಲ ಗೊತ್ತಿರ್ತೈತಿ, ಬ್ಯುರೆಟ್ ರೀಡಿಂಗ್ ಅದಕ್ಕ ಹೊಂದಿಸಿ ಬರೀತೀವಿ, ಇಲ್ಲೆ ಉತ್ತರ ಯಾರಿಗೂ ಗೊತ್ತಿಲ್ಲ ಅನ್ನೋದು ನನ್ನ ಮೈಗೆ ಹತ್ತಿದ್ದು ಅವತ್ತ.

ಅರ್ಧ ಸ್ಟಾರ್ ಯಾಕ ಕಡಿಮಿ ಅಂದ್ರ ಎಂಟು ವಾರ ಕೆಮಿಸ್ಟ್ರಿಗೆ ಸಾಲಂಗಿಲ್ಲ, ಕೈ ಕುಂದ್ರೂದ್ರಾಗ ವಾಪಸ್ ಟಿಕೆಟ್ ಮಾಡ್ಸೋ ಟೈಮ್ ಬರ್ತೈತಿ. ಹಳ್ಳಿ ಬೋರ್‌ವೆಲ್ ನೀರಾಗ ಬೈಕಾರ್ಬೊನೇಟ್ ಇದ್ರ ಅಲ್ಯುಮಿನಾ ಎಷ್ಟು ಸೋಲ್ತೈತಿ ನೋಡೋದು ನಂದು ಉಳದುಬಿಡ್ತು. ಇಂಗ್ಲಿಷ್‌ದು ಅಂಜಿಕಿ ಇದ್ರ ಬಿಡ್ರಿ, ಲ್ಯಾಬ್‌ನಾಗ ಎಲ್ಲಾ ಕಡೆಯವ್ರೂ ಇದ್ರು, ನನ್ನ ಮುರಕಲ ಇಂಗ್ಲಿಷ್ ಎರಡನೇ ವಾರಕ್ಕ ಯಾರಿಗೂ ಲೆಕ್ಕಕ್ಕ ಬರ್ಲಿಲ್ಲ.

ವಾಪಸ್ ಬಂದ ಮ್ಯಾಲೆ ಮೇಡಂ ಜೊತಿ ಕಾಲೇಜಿನಾಗ ಫ್ಲೋರೈಡ್ ಅಳಿಯೋ ಸ್ಪಾಡ್ನ್ಸ್ ವಿಧಾನ ಶುರು ಮಾಡೀವಿ, ಎಲೆಕ್ಟ್ರೋಡ್ ಬೇಕಾಗಂಗಿಲ್ಲ, ಕೆಂಪು ಬಣ್ಣ ಹಾಕ್ತೀವಿ, ಫ್ಲೋರೈಡ್ ಇದ್ದಷ್ಟು ಬಣ್ಣ ಮಾಸ್ತೈತಿ, ಕಲರಿಮೀಟರ್‌ನಾಗ 570 ನ್ಯಾನೊಮೀಟರ್ ಹತ್ರ ಓದ್ತೀವಿ. ಯಲಬುರ್ಗಾ ಕಡೆ ಜೂನಿಯರ್ ಒಬ್ಬಾಕಿ ತಮ್ಮೂರ ಬಾಟ್ಲಿ ತುಂಬ್ಕೊಂಡು ಬಂದಿದ್ಲು, ಈ ಸರ್ತಿ ಅಕಿ ಅಪ್ಲಿಕೇಶನ್ ಹಾಕಾಕತ್ಯಾಳ, ಬರಹ ನಾಲ್ಕನೇ ಸಲ ತಿದ್ದಾಕತ್ತೀವಿ.